ಎರಡು ಸಲ ನುಡಿಸಿದ ಹಾಡು

ಮೊಬೈಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ವಿಜಯಕುಮಾರ್ ಎರಡನೆಯ ರೆಕಾರ್ಡಿಂಗನ್ನೂ ಕೇಳಿಸಿದ. ಮುಗಿದ ಮೇಲೆ ಕೈಕಟ್ಟಿ ನಿಂತು, "ಈಗ ಹೇಳಿ, ಏನಾದ್ರೂ ವ್ಯತ್ಯಾಸ ಗೊತ್ತಾಯ್ತಾ?" ಎಂದ. ಮೊದಲನೆಯದರಲ್ಲಿ ಮಲ್ಲೇಶನ ಬೇಸ್ ಗಿಟಾರ್ ಇತ್ತು. ಎರಡನೆಯದು ಅದೇ ಹಾಡನ್ನು ಮಲ್ಲೇಶನನ್ನು ಪಕ್ಕಕ್ಕೆ ಕೂರಿಸಿ ತಂಡದ ಉಳಿದಿಬ್ಬರೇ, ಗಿಟಾರಿನಲ್ಲಿ ವಿಜಯಕುಮಾರ್, ಡ್ರಮ್ಮಿನಲ್ಲಿ ಚಂದ್ರು, ನುಡಿಸಿದ್ದು. ಡ್ರಮ್ಮಿನ ಹಿಂದಿದ್ದ ಚಂದ್ರು ಮಲ್ಲೇಶನ ಮುಖ ನೋಡದೆ, "ನಂಗೇನೂ ಗೊತ್ತಾಗ್ಲಿಲ್ಲಪ್ಪ" ಎಂದ.

ಗೊತ್ತಾಗುವುದಾದರೂ ಹೇಗೆ? ಬೇಸ್ ಗಿಟಾರಿನ ತಗ್ಗು ಸ್ವರ ಹೊರಡಿಸುವ ತಾಕತ್ತು ಆ ಪುಟ್ಟ ಮೊಬೈಲ್ ಸ್ಪೀಕರಿಗೆ ಇರಲೇ ಇಲ್ಲ. ಅದನ್ನು ಹೇಳಬೇಕೆಂದೇ ಮಲ್ಲೇಶ್ ಬಾಯಿ ತೆರೆದ, ಬಂದದ್ದು ಆಕಳಿಕೆ. ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ರಾತ್ರಿಪಾಳಿ ಪೂರ್ತಿ ಲೇತ್ ಮೆಷಿನ್ನಿನ ಮುಂದೆ ನಿಂತವನು, ಬೆಳಿಗ್ಗೆ ಶಿವಮೊಗ್ಗದ ಮನೆಗೂ ಹೋಗದೆ ಭದ್ರಾವತಿಯ ಬಸ್ಸು ಹತ್ತಿ, ಚಂದ್ರುವಿನ ಮನೆಯ ಹಿಂದಿನ ಈ ಶೀಟಿನ ಶೆಡ್ಡಿಗೆ ಬಂದಿದ್ದ. ಮೈಯಿಂದ ಇನ್ನೂ ಮೆಷಿನ್ ತಂಪಾಗಿಸುವ ಕೂಲೆಂಟ್ ಎಣ್ಣೆಯ ವಾಸನೆ ಹೋಗಿರಲಿಲ್ಲ.

ಮುಂದಿನ ಶನಿವಾರ ಹುಬ್ಬಳ್ಳಿಯಲ್ಲಿ ದೊಡ್ಡ ರಾಕ್ ಕಾರ್ಯಕ್ರಮ. ಹತ್ತೊಂಬತ್ತು ವರ್ಷ ಕಾಲೇಜು ಡೇ, ಗಣಪತಿ ಪೆಂಡಾಲು ಅಂತ ಸವೆದ ತಂಡಕ್ಕೆ ಮೊದಲ ಸಲ ನಿಜವಾದ ವೇದಿಕೆಯೊಂದು ಸಿಕ್ಕಿತ್ತು. ಅದಕ್ಕಾಗಿ ಮಲ್ಲೇಶ್ ಮೇಸ್ತ್ರಿಯ ಕೈಕಾಲು ಹಿಡಿದು, ಬೇರೆಯವರ ಪಾಳಿಯನ್ನೂ ತಾನೇ ಮಾಡಿ ರಜೆ ಗಿಟ್ಟಿಸಿಕೊಂಡಿದ್ದ. ಅವನಿಗೇನೂ ದೊಡ್ಡ ಹೆಸರಿನ ಆಸೆಯಿರಲಿಲ್ಲ. ಬೇಸ್ ನುಡಿಸುವವನ ಹಣೆಬರಹ ಅವನಿಗೆ ಎಂದೋ ಅರ್ಥವಾಗಿತ್ತು: ಫೋಟೋದಲ್ಲಿ ಡ್ರಮ್ಮಿನ ಮರೆ, ಪೋಸ್ಟರಿನಲ್ಲಿ 'ಮತ್ತು ತಂಡ'. ಆ ವೇದಿಕೆಯ ಮೇಲೆ ಒಂದು ಮೂಲೆ ಸಿಕ್ಕಿದ್ದರೆ ಸಾಕಿತ್ತು. ಈಗ ನೋಡಿದರೆ ವಿಜಯಕುಮಾರ್ ಅವನನ್ನು ಬಿಟ್ಟು ಇಬ್ಬರೇ ಹೋಗುವ ಲೆಕ್ಕ ಹಾಕಿದ್ದ.

"ಹುಬ್ಬಳ್ಳಿಗೆ ನಿನ್ನ ಕಾರಲ್ಲಿ ಜಾಗ ಇಲ್ಲಾಂದ್ರೆ ನಾನು ಬಸ್ಸಲ್ಲಿ ಬರ್ತೀನಿ ಕಣೋ" ಎಂದ ಮಲ್ಲೇಶ್.

"ಕಾರಿನ ಮಾತಲ್ಲ ಮಾರಾಯ. ಈಗೆಲ್ಲಾ ಇಬ್ಬರೇ ಇರೋ ಬ್ಯಾಂಡ್‌ಗೇ ಡಿಮ್ಯಾಂಡು. ಸ್ಟೇಜೂ ನೀಟಾಗಿ ಕಾಣತ್ತೆ. ನೀನೂ ಒಂದಿನ ರೆಸ್ಟ್ ತಗೋ. ಕಣ್ಣು ನೋಡ್ಕೋ ಹೋಗು, ಹೆಂಗಾಗಿದೆ."

ಬೈದಿದ್ದರೆ ಮಲ್ಲೇಶ್ ತಡೆದುಕೊಳ್ಳುತ್ತಿದ್ದ. ಈ ಕನಿಕರ ಮಾತ್ರ ಅವನಿಗೆ ತಡೆಯಲಾಗಲಿಲ್ಲ. ಮೊಣಕಾಲು ಹಿಡಿದುಕೊಂಡು ಎದ್ದು, ಡ್ರಮ್ಮಿನ ಮೇಲೆ ನೇತುಹಾಕಿದ್ದ ಚಂದ್ರುವಿನ ದೊಡ್ಡ ಹೆಡ್‌ಫೋನ್ ತೆಗೆದು ಮೊಬೈಲಿಗೆ ಸಿಕ್ಕಿಸಿದ.

"ನನ್ನ ಗಿಟಾರು ಕೇಳಿಸೋ ಯೋಗ್ಯತೆ ಈ ಮೊಬೈಲಿಗಿಲ್ಲ. ಇದನ್ನ ಹಾಕ್ಕೊಂಡು ಮೊದಲನೇದು ಇನ್ನೊಂದು ಸಲ ಕೇಳು. ಆಮೇಲೂ ಬೇಡ ಅಂದ್ರೆ ನಾನಾಗೇ ಹೋಗ್ತೀನಿ."

"ಆಯ್ತಪ್ಪ, ಕೇಳೋಣ" ಎಂದು ವಿಜಯಕುಮಾರ್ ಹೆಡ್‌ಫೋನ್ ಹಾಕಿಕೊಂಡು ಕುರ್ಚಿಯಲ್ಲಿ ಕುಳಿತು ಕಣ್ಣುಮುಚ್ಚಿದ. ಹಾಡು ಈಗ ಅವನೊಬ್ಬನಿಗೇ ಕೇಳಿಸುತ್ತಿತ್ತು. ಮಲ್ಲೇಶ್ ಮೊಬೈಲಿನ ಪರದೆಯ ಮೇಲೆ ಓಡುತ್ತಿದ್ದ ಸೆಕೆಂಡುಗಳನ್ನೇ ನೋಡುತ್ತ ನಿಂತ. ಎರಡು ನಿಮಿಷ ಕಳೆಯಿತೆಂದರೆ ಚಂದ್ರುವಿನ ಡ್ರಮ್ ನಿಲ್ಲುತ್ತದೆ. ವಿಜಯಕುಮಾರನ ಗಿಟಾರು ಒಂದೇ ಸ್ವರವನ್ನು ಉದ್ದಕ್ಕೆ ಎಳೆಯುತ್ತ ಹೋಗುತ್ತದೆ. ಆಗ ಹಾಡನ್ನು ಕೈಹಿಡಿದು ನಡೆಸುವುದು ಬೇಸ್ ಒಂದೇ. ಆ ಜಾಗ ಬಂದಾಗ ಮಲ್ಲೇಶನ ದಣಿದ ಬೆರಳುಗಳು ತಾವಾಗಿಯೇ ತೊಡೆಯ ಮೇಲೆ ಆಡತೊಡಗಿದವು. ಎದುರಿಗೆ ವಿಜಯಕುಮಾರನ ಬಲಗಾಲು ನೆಲ ತಟ್ಟತೊಡಗಿತು. ಬೆರಳು ಬಿದ್ದಲ್ಲೇ ಕಾಲೂ ಬೀಳುತ್ತಿತ್ತು, ಒಂದು ಪೆಟ್ಟೂ ತಪ್ಪಲಿಲ್ಲ. ಮಲ್ಲೇಶನಿಗೆ ಎಷ್ಟೋ ದಿನಗಳ ಮೇಲೆ ಎದೆ ತುಂಬಿಬಂತು.

"ಅಬ್ಬಾ! ಏನ್ ಚೆನ್ನಾಗಿ ಬಂದಿದೆಯೋ ಮಾರಾಯ!" ವಿಜಯಕುಮಾರ್ ಕಣ್ಣುಬಿಟ್ಟು ಕೂಗಿದ, ಕಿವಿ ಮುಚ್ಚಿದ್ದರಿಂದ ದನಿ ಶೆಡ್ಡಿನಾಚೆಗೂ ಕೇಳುವಂತಿತ್ತು. "ನನ್ನ ಗಿಟಾರು ಇಷ್ಟು ಚೆನ್ನಾಗಿದೆ ಅಂತ ನಂಗೇ ಗೊತ್ತಿರ್ಲಿಲ್ಲ!" ಆಮೇಲೆ ಹುಬ್ಬು ಗಂಟಿಕ್ಕಿ ಒಂದಷ್ಟು ಹೊತ್ತು ಕೇಳಿ, "ಇದ್ರಲ್ಲಿ ನಿಂದು ಯಾವ್ದೋ?" ಎಂದ.

ಚಂದ್ರು ತಲೆ ತಗ್ಗಿಸಿದ. ಮಲ್ಲೇಶನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹತ್ತೊಂಬತ್ತು ವರ್ಷದ ನಿದ್ದೆಯೆಲ್ಲ ಒಟ್ಟಿಗೇ ಎಳೆದಂತಾಯಿತು. ಗಿಟಾರನ್ನು ಚೀಲಕ್ಕೆ ಹಾಕಿ ಹೆಗಲಿಗೇರಿಸಿದ.

"ಎಲ್ಲಿಗೋ?" ಚಂದ್ರು ಮೆಲ್ಲಗೆ ಕೇಳಿದ.

"ಮನೆಗೆ. ನಿದ್ದೆ ಬರ್ತಿದೆ."

"ಏಯ್, ಹೇಳಿ ಹೋಗೋ! ಯಾವ್ದು ನಿಂದು?" ವಿಜಯಕುಮಾರ್ ಮತ್ತೆ ಕೂಗಿದ. ಹಾಡು ಇನ್ನೂ ಓಡುತ್ತಿತ್ತು, ಅವನ ಕಾಲು ಬೇಸಿನ ಲಯಕ್ಕೇ ನೆಲ ತಟ್ಟುತ್ತಲೇ ಇತ್ತು.

ಬಾಗಿಲ ಬಳಿ ನಿಂತು ಮಲ್ಲೇಶ್ ಆ ಕಾಲಿನ ಕಡೆ ಬೆರಳು ತೋರಿಸಿದ.

ವಿಜಯಕುಮಾರ್ ಬಗ್ಗಿ, ಚಪ್ಪಲಿಗೆ ಏನಾದರೂ ಮೆತ್ತಿಕೊಂಡಿದೆಯೇ ಎಂದು ತಿರುಗಿಸಿ ನೋಡಿಕೊಂಡ.