ಅಳಿಸಿದ ಪುಟ

"ಆಟದ ಕೆಂಪು ಹಾವನ್ನ ಹೇಗೆ ಕೊಲ್ಲೋದು ಅಂತ ಊರಿಗೆಲ್ಲಾ ಸಾರು ಅಂತ ಯಾರೇ ಹೇಳಿದ್ದು ನಿಂಗೆ?" ಕಿಸುಮು ಪಟ್ಟಣದ ಸೈಬರ್ ಕೆಫೆಯಲ್ಲಿ ವಿಡಿಯೊ ಗೇಮ್ ತಂಡದ ನಾಯಕ ಒಚೋಲ ತನ್ನ ತಂಡದ ಹುಡುಗಿ ಅವಿನೊಳ ಕೈಯಿಂದ ಮೌಸ್ ಕಿತ್ತುಕೊಂಡ. ಆಟಗಾರರೆಲ್ಲ ಸೇರಿ ಬರೆಯುವ ವಿಕಿಯಲ್ಲಿ ಅವಳು ಬರೆದಿದ್ದ ಪುಟವನ್ನು ಅಳಿಸಿಯೇಬಿಟ್ಟ. "ನಾಳೆ ಪಂದ್ಯ. ಮೊಂಬಾಸಾದೋರು ಇದನ್ನೇ ಓದ್ಕೊಂಡು ಬರ್ತಾರೆ."

"ಬರ್ಲಿ! ನಿಂಗೆ ಆಟದಲ್ಲಿ ಬಿಲ್ಲು ಹಿಡಿಯೋದು ಕಲಿಸಿದ್ದೂ ಇದೇ ವಿಕಿ, ಮರೆತ್ಯಾ? ಅವತ್ತು ಬರೆದೋರು ನಿನ್ನಂಥ ಜುಗ್ಗರಾಗಿದ್ರೆ?"

ಅಷ್ಟರಲ್ಲಿ ಪುಟ ಮರಳಿ ಬಂತು. ಅವಿನೊ ಕೈಕಟ್ಟಿಕೊಂಡೇ ಕೂತಿದ್ದಳು. ಒಚೋಲ ಹಲ್ಲು ಕಡಿಯುತ್ತ ಮತ್ತೆ ಅಳಿಸಿದ. ಮತ್ತೆ ಬಂತು. "ಯಾವನೋ ಅವ್ನು?" ಮರಳಿ ಹಾಕಿದವನ ಹೆಸರು ಪರದೆಯ ಮೇಲೇ ಇತ್ತು. ಓದಿದವನು ಸರಕ್ಕನೆ ಹಿಂದೆ ತಿರುಗಿದ.

ಹಿಂದಿನ ಕಂಪ್ಯೂಟರಿನ ಮುಂದಿದ್ದ ಅವನದೇ ತಂಡದ ಒಮೊಲೊ ತಲೆ ಎತ್ತಲಿಲ್ಲ. "ಅಳಿಸ್ತಾ ಇರಣ್ಣ. ನಾನೂ ಇಲ್ಲೇ ಇರ್ತೀನಿ."