ಎರಡು ವರ್ಷದ ಹೊಸ ಗಾಡಿ

ಟ್ಯಾಕ್ಸಿಯ ಬಾಗಿಲು ತೆಗೆದವನೇ ಆರ್‌ಟಿಒ ಇನ್‌ಸ್ಪೆಕ್ಟರ್ ಅಶ್ವತ್ಥ್ ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ಒಳಗಿನ ನಾತ ಮುಖಕ್ಕೆ ಬಡಿಯಿತು. ಕೊಳೆತ ಮೀನು. ಬೆಳಿಗ್ಗೆ ತಿಂದ ಇಡ್ಲಿ ಗಂಟಲವರೆಗೆ ಬಂದು ನಿಂತಿತು.

"ಏನಯ್ಯಾ ಇದು? ಕಾರೋ, ಮೀನ್ ಮಾರ್ಕೆಟ್ಟೋ?"

"ನಂಗೂ ಗೊತ್ತಾಗ್ತಿಲ್ಲ ಸಾರ್," ಎಂದ ಚಾಲಕ ದಸ್ತಗೀರ್. "ಬೆಳಿಗ್ಗೆ ಅಬ್ಬಿಗೆರೆಯಿಂದ ಹೊರಟಾಗ ಏನೂ ಇರ್ಲಿಲ್ಲ. ಅಲ್ಲಾನ ಆಣೆ."

ಅಶ್ವತ್ಥ್ ನಂಬಲಿಲ್ಲ. ಬಾಡಿಗೆ ಗಾಡಿ ರಸ್ತೆಗೆ ಯೋಗ್ಯವೆಂದು ಹೇಳುವ ಎಫ್‌ಸಿ ಮೊದಲ ಸಲ ಬೇಕಾಗುವುದು ಎರಡು ವರ್ಷ ತುಂಬಿದಾಗ. ಅಷ್ಟರಲ್ಲೇ ಹೊಸ ಕಾರನ್ನು ಹೀಗೆ ಗಬ್ಬೆಬ್ಬಿಸಿದ್ದಾರೆ. ಈ ವಾರ ಇದು ನಾಲ್ಕನೆಯದು. ದಸ್ತಗೀರನ ಗಡ್ಡ ನೋಡಿ, ಇವರ ಮನೆಗಳೇ ಹೀಗಿರಬೇಕು ಎಂದುಕೊಂಡ. ಉಳಿದ ಮೂರು ಗಾಡಿಗಳು ಯಾರವು ಎಂಬುದು ಆ ಕ್ಷಣ ಅವನಿಗೆ ನೆನಪಾಗಲಿಲ್ಲ.

ಗಾಡಿಗಳನ್ನು ಪರೀಕ್ಷಿಸುವ ಈ ಮೈದಾನದಲ್ಲಿ ಅವನ ನಿಯಮ ಒಂದೇ. ತಾನೇ ಸ್ಟಿಯರಿಂಗ್ ಹಿಡಿದು, ತಾನೇ ಬ್ರೇಕ್ ತುಳಿಯದೆ ಸಹಿ ಇಲ್ಲ. ಹಿಂದಿನ ಊರಿನಲ್ಲಿ ತಾನು ಕೂತಲ್ಲೇ ಸಹಿ ಹಾಕಿ ಕಳಿಸಿದ ಟ್ಯಾಕ್ಸಿಯೊಂದು ಹದಿನೈದೇ ದಿನಕ್ಕೆ ಬ್ರೇಕ್ ಹಿಡಿಯದೆ ಬಸ್‌ಸ್ಟಾಪಿಗೆ ನುಗ್ಗಿತ್ತು. ಹೂ ಮಾರುವ ಹೆಂಗಸಿನ ಕಾಲು ಹೋಯಿತು. ವಿಚಾರಣೆಯಲ್ಲಿ ಅವನಿಗೆ ಏನೂ ಆಗಲಿಲ್ಲ. ನಿದ್ದೆ ಮಾತ್ರ ಹೋಯಿತು. ಅಂಥದ್ದು ಇನ್ನೊಂದಾದರೆ ಈ ಕೆಲಸವೇ ಬೇಡ ಎಂದು ಹೆಂಡತಿಗೆ ಮಾತು ಕೊಟ್ಟಿದ್ದ.

ಗಾಡಿಗಳಿಗೆ ಎಫ್‌ಸಿ ಮಾಡಿಸಿಕೊಡುವ ಬ್ರೋಕರ್ ಜಗನ್ ಈ ನಿಯಮ ತಪ್ಪಿಸಲು ಎಲ್ಲವನ್ನೂ ಮಾಡಿ ನೋಡಿದ್ದ. ಲಕೋಟೆ ಚಾಚಿದ. ದೊಡ್ಡವರಿಂದ ಫೋನ್ ಮಾಡಿಸಿದ. ಅಶ್ವತ್ಥ್ ಬಗ್ಗಲಿಲ್ಲ. ಕೊನೆಗೆ ಹೋದ ತಿಂಗಳು ಸ್ನೇಹದಿಂದ ಊಟಕ್ಕೆ ಕರೆದ. ಅವನು ಒಣಮೀನಿನ ಡಬ್ಬಿ ತೆರೆದದ್ದೇ ತಡ, ಅಶ್ವತ್ಥ್ ಕಾಂಪೌಂಡ್ ಗೋಡೆಗೆ ಓಡಿ ವಾಂತಿ ಮಾಡಿಕೊಂಡ. ಮೈದಾನವೆಲ್ಲ ನಕ್ಕಿತು. ಅಂದಿನಿಂದ ಜಗನ್ ಅವನ ತಂಟೆಗೆ ಬಂದಿರಲಿಲ್ಲ.

"ನೀವೇ ಓಡ್ಸಿ ನೋಡಿ ಸಾರ್," ದಸ್ತಗೀರ್ ಅಂಗಲಾಚಿದ. "ಬ್ರೇಕ್ ಹಾಕ್ದಾಗ ಒಂಥರಾ ಎಡಕ್ಕೆ..."

"ಸುಮ್ನಿರು ಗುರು," ಜಗನ್ ಅವನ ಭುಜ ತಟ್ಟಿದ. "ಸಾಹೇಬ್ರಿಗೆ ಕಷ್ಟ ಆಗ್ತೈತೆ, ಕಾಣಲ್ವಾ?"

ಅಶ್ವತ್ಥ್ ಉಸಿರು ಬಿಗಿಹಿಡಿದು ಒಂದು ಕಾಲು ಒಳಗಿಟ್ಟ. ಬಾಯಿಗೆ ಹುಳಿನೀರು ಬಂತು. ಕರವಸ್ತ್ರ ಒತ್ತಿಕೊಂಡು ಹೊರಗೆ ಬಂದುಬಿಟ್ಟ.

"ನೀನೇ ಓಡ್ಸು. ನಾನು ಇಲ್ಲಿಂದ ನೋಡ್ತೀನಿ."

ಕಾರು ಹೊಂಗೆ ಮರದವರೆಗೆ ಹೋಯಿತು. ನಿಂತಿತು. ನಿಂತಿತಲ್ಲ, ಸಾಕು. ಹೊಸ ಗಾಡಿ ತಾನೆ. ಸಹಿ ಹಾಕಿದ.

"ಮೊದ್ಲು ತೊಳ್ಸು ಇದನ್ನ. ಮನುಷ್ಯರು ಕೂರೋ ಜಾಗ."

ದಸ್ತಗೀರನ ಮುಖ ಸಣ್ಣಗಾಯಿತು. "ನಮ್ಮನೇಲಿ ಮೀನೇ ತರಲ್ಲ ಸಾರ್. ನನ್ ಹೆಂಡ್ತಿ ಮಲ್ಕಾಗೆ ಆಗಲ್ಲ. ವಾಸನೆ ಬಂದ್ರೆ ಅವ್ಳೂ ನಿಮ್ ಥರಾನೇ."

ಅಶ್ವತ್ಥ್ ಸಹಿಯಾದ ಕಾಗದವನ್ನು ಅವನ ಕೈಗಿಟ್ಟ. ನೀರಿನ ಟ್ಯಾಂಕಿನ ಹಿಂದೆ ಹೋಗಿ ನಲ್ಲಿಗೆ ಬಾಯೊಡ್ಡಿ ಮೂರು ಸಲ ಮುಕ್ಕಳಿಸಿದ. ಇಂಥ ಜನರ ಗಾಡಿಯೊಳಗೆ ಕೂರಬೇಕಾದ ತನ್ನ ಹಣೆಬರಹಕ್ಕೆ ಉಗಿದು ತಲೆಯೆತ್ತಿದ.

ಗೇಟಿನ ಬಳಿ ದಸ್ತಗೀರನ ಕಾರು ನಿಂತಿತ್ತು. ಜಗನ್ ಅದರ ಮುಂದಿನ ಸೀಟಿನಡಿ ಕೈ ಹಾಕಿ, ಗಂಟು ಸಡಿಲಿಸಿದ್ದ ಕಪ್ಪು ಪ್ಲಾಸ್ಟಿಕ್ ಚೀಲವೊಂದನ್ನು ಎಳೆಯುತ್ತಿದ್ದ. ಚೀಲದಿಂದ ಕೊಳೆನೀರು ತೊಟ್ಟಿಕ್ಕುತ್ತಿತ್ತು. ದಸ್ತಗೀರ್ ಬಾಯಿ ಬಿಟ್ಟು ನೋಡುತ್ತಿದ್ದ.

ಜಗನ್ ಮೂಗು ಹಿಡಿದುಕೊಂಡು ನಡೆದು, ಸಾಲಿನಲ್ಲಿ ಮುಂದಿದ್ದ ಶಾಲಾ ವ್ಯಾನಿನ ಡ್ರೈವರ್ ಸೀಟಿನಡಿಗೆ ಆ ಚೀಲವನ್ನು ಜೋಪಾನವಾಗಿ ತೂರಿಸಿದ.