ಐದನೆಯ ಸಾಲಿನ ಎರಡು ಕುರ್ಚಿ

“ಇಲ್ಲಿ ಯಾರಾದರೂ ಉಂಟಾ?”

“ಉಂಟು,” ಎಂದಳು ದಮಯಂತಿ. ಅದೇ ಕ್ಷಣ ಆಚೆಯಿಂದ ವಾರಿಜಾಕ್ಷಿಯೂ “ಉಂಟು” ಎಂದಳು. ಇಬ್ಬರು ತಾಯಂದಿರ ನಡುವೆ ಎರಡು ಕುರ್ಚಿ ಖಾಲಿ. ಒಂದರ ಮೇಲೆ ವಾರಿಜಾಕ್ಷಿ ಹಾಸಿದ ಹೆಗಲ ಬೈರಾಸು, ಇನ್ನೊಂದರ ಮೇಲೆ ದಮಯಂತಿಯ ಹಸಿರು ಶಾಲು. ಜಾಗ ಹಿಡಿದಿಡಲು ಈ ಊರಿನಲ್ಲಿ ಅಷ್ಟು ಸಾಕು.

ಆದರೆ ಆ ಭಾನುವಾರ ಮಧ್ಯಾಹ್ನ ಪುತ್ತೂರಿನ ಸಭಾಭವನದಲ್ಲಿ ಎಳ್ಳು ಚೆಲ್ಲಿದರೆ ಕೆಳಗೆ ಬೀಳದಷ್ಟು ಜನ. ಹುಲಿಗೆ ಮಾತು ಕೊಟ್ಟ ಹಸುವಿನ ಹಳೆಯ ಕಥೆಯನ್ನು ಹಾಡು ಕುಣಿತದ ನಾಟಕ ಮಾಡಿದ್ದರು. ಅಜ್ಜಿಯಂದಿರಿಂದ ಎಳೆಮಕ್ಕಳವರೆಗೆ ಮನೆಮನೆಯೇ ಎದ್ದು ಬಂದಿತ್ತು. ಕುರ್ಚಿ ಕೇಳಿದವನ ಹೆಗಲ ಮೇಲೂ ನಾಲ್ಕು ವರ್ಷದ ಮಗಳಿದ್ದಳು.

“ನಾಟಕ ಶುರುವಾಗಿ ಕಾಲು ಗಂಟೆ ಆಯ್ತು ಮಾರಾಯ್ರೆ. ಅವರು ಬರುವವರೆಗೆ ನಮ್ಮ ಶಿಫಾ ಕೂತುಕೊಳ್ಳಲಿ.”

ದಮಯಂತಿ ಶಾಲನ್ನು ಒತ್ತಿ ಹಿಡಿದಳು. ಹಿಂದಿನ ಸಾಲಿನಲ್ಲಿ ಯಾರೋ “ಎಂಥಾ ಜನ ಇವರು!” ಎಂದರು. ಆಗ ಅವಳ ಗಂಡ ಮಹಾಬಲ ಎದ್ದ. ತನ್ನ ಕುರ್ಚಿಯನ್ನೇ ಮಗುವಿಗೆ ಬಿಟ್ಟುಕೊಟ್ಟು ಗೋಡೆಗೆ ಒರಗಿ ನಿಂತ. ಖಾಲಿ ಕುರ್ಚಿಗಳು ಖಾಲಿಯಾಗಿಯೇ ಉಳಿದವು.

ಈ ಭೇಟಿ ನಿಶ್ಚಯವಾದದ್ದು ಫೋನಿನಲ್ಲಿ. ಟಿಕೆಟು ತೆಗೆದವಳು ಕೋಡಿಂಬಾಳದ ವಾರಿಜಾಕ್ಷಿ. “ಮನೆಗೆ ಬರುದು ಮತ್ತೆ ನೋಡುವ,” ಎಂದಿದ್ದಳು. “ನಮ್ಮ ಸಂಪ್ರೀತನಿಗೆ ಹಾಡು ಅಂದ್ರೆ ಜೀವ. ನಿಮ್ಮ ಪ್ರೀತಿಕಾನೂ ಅವನೂ ಒಮ್ಮೆ ಒಟ್ಟಿಗೆ ಕೂತುಕೊಳ್ಳಲಿ. ಒಪ್ಪಿಗೆ ಉಂಟಾ ಇಲ್ವಾ ಅಂತ ನಮಗೆ ಅಲ್ಲೇ ಗೊತ್ತಾಗ್ತದೆ.”

ದಮಯಂತಿಗೆ ಇದು ಮೂರನೆಯ ಸಂಬಂಧ. ಮೊದಲಿನ ಇಬ್ಬರೂ ಫೋಟೋ ಕೇಳಿರಲಿಲ್ಲ, ಓದು ಕೇಳಿರಲಿಲ್ಲ. ವಂಶ ಯಾವುದು, ವರ್ಷ ಎಷ್ಟು ಎಂದು ಕೇಳಿದ್ದರು. ವರ್ಷ ಕೇಳಿದ ಮೇಲೆ ಫೋನು ಎತ್ತುವುದನ್ನೇ ಬಿಟ್ಟಿದ್ದರು. ಹುಡುಗನಿಗಿಂತ ಹುಡುಗಿ ದೊಡ್ಡವಳಾದಳಂತೆ!

ಅತ್ತ ಎರಡನೆಯ ಮಗಳು ಸುಪ್ರೀತಾಳ ಮದುವೆ ಮೂರು ಸಲ ನಿಶ್ಚಿತಾರ್ಥದ ಹೊಸ್ತಿಲವರೆಗೆ ಬಂದು ಮುರಿದಿತ್ತು. ಅಕ್ಕನದು ಮುಗಿಯದೆ ತಂಗಿಯದು ಕೂಡಿಬರುವುದಿಲ್ಲ ಎಂದು ಜೋಯಿಸರು ಕಡ್ಡಿ ಮುರಿದಂತೆ ಹೇಳಿದ್ದರು. ಮಳೆಗಾಲದ ಈ ಆಟಿ ತಿಂಗಳು ದಾಟಿದರೆ ಮತ್ತೆ ಒಂದು ವರ್ಷ ಕಾಯಬೇಕು. ಹಾಗಾಗಿ ಈ ಸಲ ದಮಯಂತಿ ಪ್ರೀತಿಕಾಳಿಗೆ ಇಪ್ಪತ್ತಾರು ಎಂದುಬಿಟ್ಟಿದ್ದಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಅವಳು ಹೇಳಿದ್ದು ಒಂದೇ ಒಂದು. ಅದೇ ಈಗ ಎದೆಯ ಮೇಲೆ ಕೂತಿತ್ತು.

ತಾಸೆ ವಾದ್ಯದ ಪೆಟ್ಟು ಸಿಡಿಯಿತು. ಹುಲಿ ರಂಗದ ಮೇಲೆ ಬರಲಿಲ್ಲ, ಜನರ ನಡುವಿನಿಂದಲೇ ಹಾರಿ ಬಂತು. ಮೈತುಂಬ ಬಣ್ಣ, ಹುಲಿವೇಷದ್ದೇ ಹೆಜ್ಜೆ. ದೊಡ್ಡವರು ಸಿಳ್ಳೆ ಹೊಡೆದರು, ಸಣ್ಣವರು ಕಿರುಚಿದರು. ಶಿಫಾ ಕಣ್ಣು ಮುಚ್ಚಿಕೊಂಡಳು. ದಮಯಂತಿಯ ಕೈ ತನಗೆ ತಾನೇ ಪಕ್ಕದ ಖಾಲಿ ಕುರ್ಚಿಗೆ ಅಡ್ಡ ಹೋಯಿತು. ಆಚೆಯಿಂದ ವಾರಿಜಾಕ್ಷಿಯ ಕೈಯೂ ಹಾಗೆಯೇ ಬಂದಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಕೈ ಹಿಂದೆ ತೆಗೆದುಕೊಂಡರು.

ವಿರಾಮದಲ್ಲಿ ದಮಯಂತಿಗೆ ತಡೆಯಲಾಗಲಿಲ್ಲ.

“ವಾರಿಜಕ್ಕ, ನಾನು ಸುಳ್ಳು ಹೇಳಿದ್ದು. ನಮ್ಮವಳಿಗೆ ಇಪ್ಪತ್ತೆಂಟು.”

ವಾರಿಜಾಕ್ಷಿ ಎರಡು ಕುರ್ಚಿಗಳನ್ನೂ ಒಮ್ಮೆ ನೋಡಿದಳು. “ನಮ್ಮವನಿಗೆ ಇಪ್ಪತ್ತಾರೇ,” ಎಂದಳು. ಚೀಲ ಎತ್ತಿಕೊಂಡು ಹೊರಗೆ ಹೋದಳು.

ಗಂಟೆ ಹೊಡೆಯಿತು. ಪರದೆ ಎದ್ದಿತು. ವಾರಿಜಾಕ್ಷಿ ಬರಲಿಲ್ಲ. ಈಗ ಸಾಲಿನಲ್ಲಿ ಮೂರು ಕುರ್ಚಿ ಖಾಲಿ. ಗೋಡೆಯ ಬಳಿಯಿಂದ ಮಹಾಬಲ ಕಣ್ಣಿನಲ್ಲೇ ಏನಾಯಿತೆಂದು ಕೇಳಿದ. ಕೈಗೆ ಬಂದ ತುತ್ತನ್ನು ತಾನೇ ಚೆಲ್ಲಿಕೊಂಡೆನೆಂದು ದಮಯಂತಿ ತನ್ನ ಬಾಯಿಗೆ ಶಾಪ ಹಾಕಿಕೊಂಡಳು. ಬೈರಾಸು ಮಾತ್ರ ಇನ್ನೂ ಅಲ್ಲೇ ಇತ್ತು. ಅದೊಂದೇ ಧೈರ್ಯ.

ರಂಗದ ಮೇಲೆ ಹಸು ಕರುವಿಗೆ ಕೊನೆಯ ಬಾರಿ ಹಾಲೂಡಿಸಿ ಹುಲಿಯ ಗುಹೆಗೆ ಹೊರಟಿತು. ಕರು ಹಾಡುತ್ತಾ ಹಿಂದೆ ಓಡಿತು. ಸಭೆಯ ತುಂಬ ಮೂಗು ಒರೆಸಿಕೊಳ್ಳುವ ಸದ್ದು. ದಮಯಂತಿ ಅಳಲಿಲ್ಲ. ಅವಳಿಗೆ ಆ ಹಸುವಿನ ಮೇಲೆ ಹೊಟ್ಟೆಕಿಚ್ಚಾಯಿತು.

ಆ ಹಾಡು ಮುಗಿಯುವ ಹೊತ್ತಿಗೆ ಕತ್ತಲಲ್ಲಿ ಯಾರೋ ಬಂದು ಬೈರಾಸಿನ ಪಕ್ಕದಲ್ಲಿ ಕೂತರು. ವಾರಿಜಾಕ್ಷಿ. ನಾಟಕ ಮುಗಿದು ಬೆಳಕು ಬಂದಾಗ ಅವಳ ಕಣ್ಣು ಕೆಂಪಾಗಿತ್ತು. ಜನ ಏಳತೊಡಗಿದರು. ಶಿಫಾಳನ್ನು ಅಪ್ಪ ಎತ್ತಿಕೊಂಡು ಹೋದ. ವಾರಿಜಾಕ್ಷಿ ಮಾತ್ರ ಕೂತೇ ಇದ್ದಳು.

“ಎರಡು ವರ್ಷ ದೊಡ್ಡವಳಾದದ್ದು ಒಳ್ಳೇದೇ ಆಯ್ತು ದಮಯಂತಿ,” ಎಂದಳು ಕೊನೆಗೆ. “ನಮ್ಮವನಿಗೆ ಕತ್ತಲೆ ಅಂದ್ರೆ ಹೆದರಿಕೆ. ಕೈ ಹಿಡಿದುಕೊಳ್ಳಲಿಕ್ಕೆ ಒಬ್ಬಳು ಬೇಕು.”

ಚೀಲದಿಂದ ಬೆರಳುದ್ದದ ಗಂಟೊಂದನ್ನು ತೆಗೆದು ಬಿಚ್ಚಿದಳು. ಒಳಗೆ ಬೆಳ್ಳಿಯ ಉಡಿದಾರ, ಎರಡು ಗೇಣಿನಷ್ಟೇ ಉದ್ದದ್ದು. ಅದನ್ನು ಬೈರಾಸಿನ ಮೇಲೆ ಇಟ್ಟಳು.

“ಹೋಗುವಾಗ ಸೊಂಟದಲ್ಲಿ ಇದ್ದದ್ದು ಇದು. ಆಗ ಮೂರೂವರೆ ವರ್ಷ.”

ಐದು ವರ್ಷದ ಪ್ರೀತಿಕಾಳನ್ನು ಮಣ್ಣಿಗಿಡುವ ಮೊದಲು ಬಿಚ್ಚಿಟ್ಟುಕೊಂಡಿದ್ದ ಕಾಲ್ಗೆಜ್ಜೆಯನ್ನು ದಮಯಂತಿ ಅದರ ಪಕ್ಕದಲ್ಲಿ ಇಟ್ಟಳು. ಆಟಿಯಲ್ಲಿ ಮಾತ್ರ ನಡೆಯುವ, ತೀರಿಹೋದ ಮಕ್ಕಳ ಮದುವೆಗೆ ದಿನ ನಿಶ್ಚಯವಾಯಿತು.